ನಲವತ್ತೈದು ವರ್ಷ, ಒಂದು ದಿನ

ಕಾಂತರಾಜುವಿನ ಮೀಸೆ ಮೂವತ್ತು ತುಂಬುವ ಮೊದಲೇ ಬೆಳ್ಳಗಾಯಿತು. ತಲೆಕೂದಲೂ ಅದರ ಹಿಂದೆಯೇ ಹೊರಟಿತು. ಬಾಯ್ಲರಿನ ಬೆಂಕಿ ಮುಂದೆ ನಿಲ್ಲುವವರಿಗೆ ಹಾಗಾಗುತ್ತದೆ ಎಂದು ಮಿಲ್ಲಿನವರು ಹೇಳುತ್ತಿದ್ದರು. ಅವನಪ್ಪನಿಗೂ ಹಾಗೇ ಆಗಿತ್ತು, ಅದು ವಂಶದ್ದು ಎಂದು ಅವನ ತಾಯಿ ಸುಬ್ಬಲಕ್ಷ್ಮಮ್ಮ ಹೇಳುತ್ತಿದ್ದರು. ಯಾವುದಾದರೂ ಇರಲಿ. ಮಿಲ್ಲು ನಡೆಯುತ್ತಿದ್ದಾಗ ಆ ಮೀಸೆ ಅವನಿಗೆ ಮರ್ಯಾದೆ ತಂದಿತ್ತು. ಮೈಸೂರಿನಿಂದ ಬರುತ್ತಿದ್ದ ಇಂಜಿನಿಯರು ಕೂಡ ಅವನನ್ನು ಏಕವಚನದಲ್ಲಿ ಕರೆಯುತ್ತಿರಲಿಲ್ಲ. ಮಿಲ್ಲು ಮುಚ್ಚಿದ ಮೇಲೆ ಅದೇ ಮೀಸೆ ಅವನ ಕತ್ತು ಹಿಡಿದು ಒಂದೊಂದೇ ಗೇಟಿನಿಂದ ಆಚೆಗೆ ದಬ್ಬಿತು.

ಅವನೂ ನಾನೂ ನಂಜನಗೂಡಿನ ಹತ್ತಿರ ನೂಲಿಗೆ ಬಣ್ಣ ಹಾಕುವ ಒಂದು ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಜೊತೆಗಿದ್ದವರು. ಅವನು ಬಾಯ್ಲರ್ ನೋಡಿಕೊಳ್ಳುತ್ತಿದ್ದ, ನಾನು ಅದಕ್ಕೆ ಸೌದೆ ತರುವ ಲಾರಿ ಓಡಿಸುತ್ತಿದ್ದೆ. ನಾನು ಏಳನೇ ಕ್ಲಾಸಿಗೆ ಬಿಟ್ಟವನು. ಅವನು ಎಸ್ಸೆಸ್ಸೆಲ್ಸಿ ಪಾಸಾಗಿ, ಬಾಯ್ಲರ್ ಪರೀಕ್ಷೆ ಕಟ್ಟಿ, ಸರ್ಕಾರದ ಸರ್ಟಿಫಿಕೇಟು ತೆಗೆದುಕೊಂಡವನು. ಆ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿ ದೇವರ ಫೋಟೋ ಹಿಂದೆ ಇಟ್ಟುಕೊಂಡಿದ್ದ.

ಬಾಯ್ಲರನ್ನು ಅವನು ಕಣ್ಣಿಗಿಂತ ಹೆಚ್ಚು ಕಿವಿಯಿಂದ ನೋಡುತ್ತಿದ್ದ. ಒಂದು ದಿನ ಲಾರಿ ನೆರಳಿನಲ್ಲಿ ಕೂತು ಇಬ್ಬರೂ ಮುದ್ದೆ ಉಣ್ಣುತ್ತಿದ್ದೆವು. ಬಾಯ್ಲರ್ ಮನೆ ನಮ್ಮಿಂದ ಒಂದು ಹೊಲದಷ್ಟು ದೂರ. ಅವನು ಎತ್ತಿದ ತುತ್ತನ್ನು ಹಾಗೇ ಹಿಡಿದು ಕಿವಿಗೊಟ್ಟ.

"ಪಂಪು ನೀರು ಎಳೀತಾ ಇಲ್ಲ ಕಣ್ಲಾ ಪುಟ್ರಾಜು."

"ತೆಪ್ಪಗೆ ಉಣ್ಣಲಾ, ನಿಂಗೆ ಎಲ್ಲಾ ಟೈಮಲ್ಲೂ ಅದೇಯ."

ತಟ್ಟೆ ಬಿಟ್ಟು ಓಡಿದ. ಹೋಗಿ ನೋಡಿದರೆ ನಿಜವೇ. ನೀರು ತೋರಿಸುವ ಗಾಜಿನ ಕೊಳವೆಯಲ್ಲಿ ಗೆರೆ ಕೆಳಕ್ಕೆ ಹೋಗಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ನೀರಿಲ್ಲದ ಬಾಯ್ಲರ್ ಒಡೆದು ಅಲ್ಲಿದ್ದವರೆಲ್ಲ ಹಂಚಿನ ಜೊತೆ ಹಾರಿಹೋಗುತ್ತಿದ್ದರು. ಅಂಥ ಕೆಲಸಗಾರ. ಇದನ್ನು ಮೊದಲೇ ಬರೆದಿಡುತ್ತಿದ್ದೇನೆ, ಏಕೆಂದರೆ ಆಮೇಲೆ ಅವನನ್ನು ನೋಡಿದ ಯಾರೂ ಇದನ್ನು ಕೇಳಲಿಲ್ಲ.

ಅವನ ಊರು ತಿ. ನರಸೀಪುರದ ಕಡೆಯ ಮೂಗೂರು. ಅವನನ್ನು ಶಾಲೆಗೆ ಸೇರಿಸಿದ ಕತೆಯನ್ನು ಅವನ ತಾಯಿ ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ಗಂಡನೊಬ್ಬನಿಂದ ಗದ್ದೆ ಕೆಲಸ ಸಾಗುತ್ತಿರಲಿಲ್ಲ. ಮಗುವನ್ನು ಬದುವಿನ ಮೇಲೆ ಮಲಗಿಸಿ ನಾಟಿ ಮಾಡಿ ಸಾಕಾಗಿತ್ತು. ಮಗನಿಗೆ ನಾಲ್ಕೂವರೆ ತುಂಬಿದ ಜೂನ್ ತಿಂಗಳಿನಲ್ಲಿ ಸೊಂಟದ ಮೇಲೆ ಹೊತ್ತುಕೊಂಡು ಶಾಲೆಗೆ ಹೋದರು.

"ನಂಜುಂಡಯ್ಯ ಅಂತ ಮೇಷ್ಟ್ರು, ಬಾಳ ಒಳ್ಳೇರು ಕಣಪ್ಪ. 'ಏನಮ್ಮ, ಇನ್ನೂ ಮೊಲೆ ಕುಡಿಯೋ ಕೂಸ್ನ ತಂದಿದ್ದೀಯಲ್ಲ' ಅಂದ್ರು. ಕೈನ ತಲೆ ಮೇಲಿಂದ ಹಾಕಿ ಆ ಕಡೆ ಕಿವಿ ಮುಟ್ಸು ನೋಡಾನ ಅಂದ್ರು. ನನ್ನ ಮಗನ ಕೈ ಹುಟ್ಟಿದ್ದೇ ಉದ್ದ. ಲಬಕ್ ಅಂತ ಮುಟ್ಟುಬುಟ್ಟ. ಆರು ವರ್ಸ ಆಗದೆ ಅಂತ ಬರ್ಕಂಡ್ರು."

ಹೀಗೆ ಅವನ ಹುಟ್ಟಿದ ದಿನ ೧೯೮೦ನೇ ಇಸವಿ ಜೂನ್ ಒಂದು ಆಯಿತು. ಆ ಮೇಷ್ಟರ ರಿಜಿಸ್ಟರಿನಲ್ಲಿ ಮುಕ್ಕಾಲು ಊರು ಜೂನ್ ಒಂದಕ್ಕೇ ಹುಟ್ಟಿದ್ದು, ನನ್ನದೂ ಸೇರಿದಂತೆ ನಮ್ಮ ಕಡೆ ಎಲ್ಲರದ್ದೂ ಅಷ್ಟೇ. ಅವನು ನಿಜವಾಗಿ ಹುಟ್ಟಿದ್ದು ಒಂದೂವರೆ ವರ್ಷ ಆಮೇಲೆ, ಅವರೆಕಾಯಿ ಕಾಲದಲ್ಲಿ. ಹೆರಿಗೆ ನೋವು ಬಂದಾಗ ಸುಬ್ಬಲಕ್ಷ್ಮಮ್ಮ ಹಿತುಕವರೆ ಹಿಸುಕುತ್ತಾ ಕೂತಿದ್ದರಂತೆ. ಅದಕ್ಕೆ ಕಾಗದ ಇಲ್ಲ. ಹೆತ್ತವರು ಹೇಳಬೇಕು, ಕೇಳಿದವರು ನಂಬಬೇಕು. ಅಪ್ಪ ಅವನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡ. ಆ ದಿನವನ್ನು ಬಲ್ಲವರೆಂದು ಈ ಭೂಮಿ ಮೇಲೆ ಉಳಿದದ್ದು ತಾಯಿ ಒಬ್ಬರೇ.

ಮಿಲ್ಲು ಹೋದ ವರ್ಷ ಶ್ರಾವಣದಲ್ಲಿ ಮುಚ್ಚಿತು. ನಾನು ಕೈಗಾರಿಕಾ ಪ್ರದೇಶದ ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ ಹಾಕಿಕೊಂಡೆ. ಕಾಂತರಾಜು ಕೆಲಸ ಹುಡುಕಿದ. ಹೆಂಡತಿ ಸುನೀತಾ ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋದ ಮೇಲೆ ಇವನು ಖಾಕಿ ಪ್ಯಾಂಟು, ಶರ್ಟು ಹಾಕಿಕೊಂಡು, ಟಿಫನ್ ಬಾಕ್ಸು ಹಿಡಿದು, ಶಿಫ್ಟಿಗೆ ಹೋಗುವವನ ಹಾಗೆ ಹೊರಡುತ್ತಿದ್ದ. ಬೀದಿಯವರ ಮುಂದೆ ಹಗಲು ಹೊತ್ತು ಮನೆಯಲ್ಲಿ ಕೂರುವುದಕ್ಕೆ ಅವನಿಗೆ ಆಗುತ್ತಿರಲಿಲ್ಲ. ನಾಲ್ಕು ಗೇಟು ಸುತ್ತಿ ಬಂದು ನನ್ನ ಅಂಗಡಿಯ ಹಳೇ ಟೈರಿನ ಮೇಲೆ ಕೂರುತ್ತಿದ್ದ.

"ಏನಂದ್ರು?"

"ಅಂಕಲ್ ಅಂದ್ರು."

ಅಷ್ಟೇ ಉತ್ತರ. ಒಂದು ಕಡೆ ಬೋರ್ಡಿನಲ್ಲೇ ಹದಿನೆಂಟರಿಂದ ಮೂವತ್ತು ಎಂದು ಬರೆದಿದ್ದರು. ಇನ್ನೊಂದು ಕಡೆ, "ಯಜಮಾನ್ರೆ, ನಿಮ್ಮ ಮಗ ಇದ್ರೆ ಕಳ್ಸಿ" ಎಂದರು. ಮತ್ತೊಂದು ಕಡೆ ಹುಡುಗರ ಜೊತೆ ಹೊಂದಿಕೊಳ್ಳುವುದು ನಿಮಗೇ ಕಷ್ಟ ಆಗುತ್ತದೆ ಎಂದು ಅವನ ಕಷ್ಟವನ್ನು ಅವರೇ ಪಟ್ಟರು. ಯಾರೂ ಪ್ಲಾಸ್ಟಿಕ್ಕಿನೊಳಗಿನ ಸರ್ಟಿಫಿಕೇಟನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಕೂದಲಿಗೆ ಬಣ್ಣ ಹಚ್ಚಿಯೂ ನೋಡಿದ. ಮಾರನೇ ದಿನ ಮುಖ ಬಾತು ಕಣ್ಣು ಮುಚ್ಚಿಹೋಯಿತು. ಇನ್ನೊಂದು ಸಲ ಹಚ್ಚಿದರೆ ಆಸ್ಪತ್ರೆಗೆ ಬರಬೇಡ, ನೇರವಾಗಿ ಮಣ್ಣಿಗೆ ಹೋಗು ಎಂದು ಡಾಕ್ಟರು ಬೈದು ಕಳಿಸಿದರು.

ಉಳಿದದ್ದು ಒಂದೇ ಕಡೆ. ರಟ್ಟಿನ ಡಬ್ಬ ಮಾಡುವ ಹೊಸ ಕಾರ್ಖಾನೆ, ನನ್ನ ಅಂಗಡಿಯಿಂದ ಕಾಣುವಷ್ಟು ಹತ್ತಿರ. ಅವರಿಗೆ ಸರ್ಟಿಫಿಕೇಟ್ ಇರುವ ಬಾಯ್ಲರ್‌ನವರು ಬೇಕಿತ್ತು. ಅಂಥವರು ಕಡಿಮೆ ಸಿಗುವುದರಿಂದ ವಯಸ್ಸಿನ ಮಿತಿ ನಲವತ್ತೈದು ಇಟ್ಟಿದ್ದರು. ಆಧಾರ್ ಕಾರ್ಡಿನ ಪ್ರಕಾರ ಕಾಂತರಾಜುವಿಗೆ ನಲವತ್ತೈದು ತುಂಬುವುದು ಬರುವ ಜೂನ್ ಒಂದಕ್ಕೆ. ಆ ದಿನ ದಾಟಿದರೆ ನಂಜನಗೂಡಿನ ಯಾವ ಬಾಯ್ಲರೂ ಅವನಿಗಿಲ್ಲ. ಮಾರ್ಚಿನಲ್ಲಿ ಹೋಗಿ ಸಾಲಿನಲ್ಲಿ ನಿಂತ. ಗೇಟಿನ ಸೂಪರ್‌ವೈಸರ್ ಪ್ರೇಮ್‌ಕುಮಾರ್ ಎಂಬುವನು ಹದಿನಾಲ್ಕು ಜನರ ಮುಂದೆ ಸಂತೆಯಲ್ಲಿ ದನ ನೋಡುವ ಹಾಗೆ ನಡೆದುಕೊಂಡು ಬಂದ.

"ನೀವು, ನೀವು, ಆ ಬಿಳೀ ಮೀಸೆಯವರು, ಸೈಡಿಗೆ ಬನ್ನಿ. ನೀವು ಓಗ್ಬೋದು."

"ಸಾ, ನಂಗೆ ಇನ್ನೂ ನಲವತ್ನಾಲ್ಕು. ಕಾರ್ಡ್ ನೋಡಿ."

"ನಲವತ್ನಾಲ್ಕಾ? ಯಾವ್ ಇಸ್ವಿಲಿ?" ಎಂದು ಅವನು ಸಾಲಿನ ಕಡೆ ತಿರುಗಿದ. ಸಾಲು ನಕ್ಕಿತು. ನಗದಿದ್ದರೆ ತಮ್ಮನ್ನೂ ಸೈಡಿಗೆ ಕರೆದಾನು ಎಂದು ನಕ್ಕರು, ನನಗೆ ಗೊತ್ತು.

ಮೇ ಹತ್ತೊಂಬತ್ತಕ್ಕೆ ಕೊನೆಯದಾಗಿ ಇನ್ನೊಂದು ಸಲ ಆಯ್ಕೆ ಇದೆ ಎಂದು ಬೋರ್ಡು ಬಿತ್ತು. ಅದನ್ನು ಓದಿಕೊಂಡು ಬಂದು ಅವನು ಟೈರಿನ ಮೇಲೆ ಕೂತ. ಎರಡು ಗಂಟೆಯಾದರೂ ಏಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಬಿಸಾಡಿದೆ.

"ಅವರು ನೋಡೋದು ಕೂದ್ಲು ತಾನೇ? ಓಗಿ ಹೊಳೇಲಿ ಬುಟ್ಟು ಬಾ ಆ ಕೂದ್ಲ. ನಂಜನಗೂಡಲ್ಲಿ ಬೋಳು ತಲೆ ನೋಡಿ ಯಾವನಾದ್ರೂ ವಯಸ್ಸು ಕೇಳ್ತಾನೇನ್ಲಾ?"

ಅವನು ತಲೆ ಎತ್ತಿ ನನ್ನನ್ನು ನೋಡಿದ. ನಾನು ಸಿಟ್ಟಿಗೆ ಹೇಳಿದ್ದು. ಅವನು ಅದನ್ನು ದಾರಿ ಎಂದುಕೊಂಡ. ಆ ಮುಖ ನೋಡಿದ ಮೇಲೆ ನನಗೂ ದಾರಿ ಎಂದೇ ಅನ್ನಿಸಿತು. ನಂಜುಂಡೇಶ್ವರನಿಗೆ ಮುಡಿ ಕೊಟ್ಟವರು ನಮ್ಮ ಊರಿನಲ್ಲಿ ದಿನಾ ಓಡಾಡುತ್ತಾರೆ. ಹದಿನೆಂಟರವನೂ ಬೋಳು, ಎಂಬತ್ತರವನೂ ಬೋಳು.

ಹತ್ತೊಂಬತ್ತರ ಬೆಳಿಗ್ಗೆ ಕಪಿಲಾ ದಂಡೆಗೆ ನನ್ನ ಸ್ಕೂಟರಿನಲ್ಲೇ ಹೋದೆವು. ಕ್ಷೌರದವನು ತಲೆ ನುಣ್ಣಗೆ ಮಾಡಿ ಬಟ್ಟೆ ಕೊಡವಿದ. ಮೀಸೆ ಹಾಗೇ ಉಳಿಯಿತು, ಬೋಳು ತಲೆಯ ಕೆಳಗೆ ಇನ್ನೂ ಬೆಳ್ಳಗೆ.

"ಅದನ್ನೂ ತೆಗಿ" ಎಂದೆ.

ಕ್ಷೌರದವನು ಕತ್ತಿ ಕೆಳಗಿಟ್ಟ. "ಅಪ್ಪನಾ, ಅವ್ವನಾ?"

ನಮ್ಮ ಕಡೆ ಹರಕೆಗೆ ತಲೆ ಕೊಡುತ್ತಾರೆ, ಮೀಸೆ ಕೊಡುವುದಿಲ್ಲ. ಮೀಸೆ ತೆಗೆಸುವುದು ಹೆತ್ತವರು ಸತ್ತಾಗ. ಕಾಂತರಾಜುವಿಗೆ ಅಪ್ಪ ಸತ್ತಾಗ ತೆಗೆಸಲು ಮೀಸೆಯೇ ಬಂದಿರಲಿಲ್ಲ. ಅಲ್ಲಿಂದ ಇಲ್ಲಿಯ ತನಕ ಅದಕ್ಕೆ ಕತ್ತಿ ಮುಟ್ಟಿಸಿರಲಿಲ್ಲ.

"ಯಾರೂ ಇಲ್ಲ. ನೀನು ತೆಗಿಯಯ್ಯ ಸುಮ್ನೆ" ಎಂದು ನಾನು ರೇಗಿದೆ.

"ಅವ್ರು ಹೇಳ್ಲಿ. ಮೀಸೆ ಅವ್ರದ್ದು."

ಕಾಂತರಾಜು ಹೊಳೆಯನ್ನೇ ನೋಡುತ್ತಿದ್ದ. ಆಮೇಲೆ ಕಣ್ಣು ಮುಚ್ಚಿ ಮುಖ ಮೇಲಕ್ಕೆತ್ತಿದ. ಕ್ಷೌರದವನು ತೆಗೆದ. ಎದ್ದು ನಿಂತವನನ್ನು ನೋಡಿ ನನಗೆ ಒಂದು ಕ್ಷಣ ಯಾರೋ ಎನ್ನಿಸಿತು. ಮೂವತ್ತೈದರ ಹಾಗೆ ಕಾಣುತ್ತಿದ್ದ, ಸುಳ್ಳಲ್ಲ. ಸಾವಿನ ಮನೆಯಿಂದ ಬಂದ ಮೂವತ್ತೈದರವನ ಹಾಗೆ.

ಗೇಟಿನ ಹತ್ತಿರ ಅವನನ್ನು ಇಳಿಸಿ ನಾನು ರಸ್ತೆ ಈಚೆ ನಿಂತೆ. ಸಾಲಿನಲ್ಲಿ ಒಂಬತ್ತು ಜನ. ಪ್ರೇಮ್‌ಕುಮಾರ್ ಬಂದವನು ಕಾಂತರಾಜುವಿನ ಮುಂದೆ ನಿಂತ. ಗುರುತು ಸಿಗಲಿಲ್ಲ. ಅವನ ಕಣ್ಣು ಮಾತ್ರ ಮೂಗಿನ ಕೆಳಗಿನ ಬರೀ ಜಾಗಕ್ಕೆ ಹೋಯಿತು. ಅವನೂ ಇದೇ ಸೀಮೆಯವನು ತಾನೇ.

"ಯಾರ್ರೀ ತೀರ್ಕೊಂಡಿದ್ದು?"

ಆಮೇಲೆ ಕಾಂತರಾಜು ನನ್ನ ಹತ್ತಿರ ಹೇಳಿದ: "ಹರಕೆ ಸಾ ಅನ್ಬೇಕು ಅಂತಿದ್ದೆ ಕಣ್ಲಾ. ಅವ್ನು ಮೀಸೆ ಜಾಗಾನೇ ನೋಡ್ತಿದ್ದ. ಬಾಯಿಂದ ಅವ್ವ ಅಂತ ಬಂದ್ಬುಡ್ತು. ನಿನ್ನೆ ತಿಥಿ ಆಯ್ತು ಅಂತಾನೂ ಬಂದ್ಬುಡ್ತು."

ಪ್ರೇಮ್‌ಕುಮಾರ್ ಟೋಪಿ ತೆಗೆದನಂತೆ. "ಅಯ್ಯೋ ಪಾಪ. ತಾಯಿ ಹೋದ ಹನ್ನೆರಡನೇ ದಿನಕ್ಕೆ ಕೆಲಸಕ್ಕೆ ಬಂದಿದ್ದೀರಲ್ಲ. ಓಗಿ, ಒಳಗೆ ಓಗಿ." ಮಾರ್ಚಿನಲ್ಲಿ ಹೊರಗೆ ದಬ್ಬಿದ ಕೈಯೇ ಬೆನ್ನು ಸವರಿ ಒಳಗೆ ಕಳಿಸಿತು.

ಒಳಗೆ ಬಾಯ್ಲರ್ ಮನೆಯಲ್ಲಿ ಪರೀಕ್ಷೆ. ಅವನು ಎರಡು ನಿಮಿಷ ಕಿವಿಗೊಟ್ಟು, ಗಾಜಿನ ಕೊಳವೆಯ ಕೆಳಗಿನ ನಲ್ಲಿ ಕಸ ಕಟ್ಟಿಕೊಂಡಿದೆ, ಅದು ತೋರಿಸುತ್ತಿರುವ ನೀರು ಸುಳ್ಳು ಎಂದ. ಬಿಚ್ಚಿ ನೋಡಿದರು. ಕಟ್ಟಿತ್ತು. ಅಲ್ಲಿನ ಇಂಜಿನಿಯರು ಇವರೇ ಬೇಕು ಎಂದು ಚೀಟಿ ಬರೆದುಕೊಟ್ಟರು. ಹತ್ತು ತಿಂಗಳಲ್ಲಿ ಮೊದಲ ಸಲ ಯಾರೋ ಅವನ ಕೆಲಸ ನೋಡಿದ್ದರು.

ಚೀಟಿ ಹಿಡಿದು ನೇಮಕಾತಿ ನೋಡಿಕೊಳ್ಳುವ ದಿವ್ಯ ಮೇಡಮ್ಮಿನ ಮುಂದೆ ಕೂತ. ಆ ಹೆಣ್ಣುಮಗಳು ಕಾರ್ಡಿನ ನಂಬರನ್ನು ಕಂಪ್ಯೂಟರಿಗೆ ಹಾಕಿದರು, ಇನ್ನೊಂದು ಸಲ ಹಾಕಿದರು, ಹಣೆ ಉಜ್ಜಿಕೊಂಡರು.

"ಸರ್, ಒಂದು ಪ್ರಾಬ್ಲಂ. ಎಲ್ಲರೂ ಸೇರೋದು ಜೂನ್ ಎರಡನೇ ತಾರೀಕು, ಸೋಮವಾರ. ಸಿಸ್ಟಮ್ ಸೇರೋ ದಿನದ ವಯಸ್ಸು ತಗೊಳುತ್ತೆ. ನಿಮಗೆ ಅವತ್ತಿಗೆ ನಲವತ್ತೈದು ವರ್ಷ ಒಂದು ದಿನ. ಕೆಂಪು ತೋರಿಸ್ತಿದೆ."

"ಒಂದ್ ದಿನಾನಾ ಮೇಡಂ?"

"ಒಂದೇ ದಿನ. ನಾನೇನೂ ಮಾಡಕ್ಕಾಗಲ್ಲ."

"ನಾನು ಆ ದಿನ ಹುಟ್ಟಿದ್ದೇ ಅಲ್ಲ ಮೇಡಂ" ಎಂದು ಅವನು ಶಾಲೆಯ ಕತೆ ಹೇಳಿದ. ಕೈ ತಲೆ ಮೇಲೆ ಹಾಕಿ ಕಿವಿ ಮುಟ್ಟಿಸಿ ತೋರಿಸಿಯೂ ತೋರಿಸಿದನಂತೆ.

ಮೇಡಂ ನಗಲಿಲ್ಲ. "ನಮ್ಮ ತಂದೆಯವರದ್ದೂ ಹೀಗೇ ಸರ್. ಒಂದು ದಾರಿ ಇದೆ. ತಂದೆ ಅಥವಾ ತಾಯಿ ಬಂದು, ನಿಜವಾದ ದಿನ ಇದು ಅಂತ ನೋಟರಿ ಮುಂದೆ ಬರ್ಕೊಟ್ರೆ, ಇಂಜಿನಿಯರ್ ಚೀಟಿ ಜೊತೆ ಹೆಡ್ ಆಫೀಸಿಗೆ ಕಳಿಸ್ತೀನಿ. ಹಿಂದೆ ಇಬ್ಬರಿಗೆ ಒಪ್ಪಿದ್ದಾರೆ." ಅಷ್ಟು ಹೇಳಿದವರು ಅವನ ತಲೆ ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡರು. "ಸಾರಿ ಸರ್. ಪ್ರೇಮ್‌ಕುಮಾರ್ ಹೇಳಿದ್ರು. ಮರೆತುಬಿಟ್ಟೆ. ತಂದೆಯವರು ಇದ್ದಾರಾ?"

ಕಾಂತರಾಜು ಎದ್ದು ಬಂದ. ಆ ಕುರ್ಚಿಯಲ್ಲಿ ಕೂತಾಗಲೇ ನಿಜ ಹೇಳಿದ್ದರೆ ಆಗುತ್ತಿತ್ತೇನೋ. ನಾನು ಹಾಗೇ ಬೈದೆ. ಅವನಂದ: "ಅವ್ರು ಸಾರಿ ಅಂದ್ರು ಕಣ್ಲಾ. ಸಾರಿ ಅಂದ್ಮೇಲೆ ಎಂಗ್ ಹೇಳ್ಲಿ?"

ಅವನೊಬ್ಬನನ್ನೇ ಮನೆಗೆ ಕಳಿಸಲು ಧೈರ್ಯ ಬರದೆ ನಾನೂ ಹೋದೆ. ಸುಬ್ಬಲಕ್ಷ್ಮಮ್ಮ ಜಗಲಿ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು, ಕಣ್ಣು ಸರಿಯಿಲ್ಲ. ಮಗ ಹತ್ತಿರ ಬಂದ ಮೇಲೆ ನೋಡಿದರು. ಸೊಪ್ಪಿನ ಕಡ್ಡಿ ಕೈಯಲ್ಲೇ ಉಳಿಯಿತು.

"ಮುಡಿ ಕೊಟ್ಯಾ?"

"ಊಂ ಕಣವ್ವ."

ಅವರು ಕೈ ಚಾಚಿ ಅವನ ಮೂಗಿನ ಕೆಳಗೆ ಬೆರಳಾಡಿಸಿದರು.

"ನಾನಿನ್ನೂ ಇವ್ನಿ ಕಣಪ್ಪ."

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ತಿರುಗಿ ಸೊಪ್ಪು ಬಿಡಿಸಲು ಶುರು ಮಾಡಿದರು. ಬೈದಿದ್ದರೆ ನಾನು ಬದಲಿಗೆ ಏನಾದರೂ ಕೂಗಾಡುತ್ತಿದ್ದೆ. ಸಂಜೆ ಸುನೀತಾ ಬಂದು ಗಂಡನ ಮುಖ ನೋಡಿದವಳು ನೇರವಾಗಿ ಅಡುಗೆ ಮನೆಗೆ ಹೋಗಿ ಪಾತ್ರೆಯೊಂದನ್ನು ಜೋರಾಗಿ ಕುಕ್ಕಿದಳು. ಅದು ನನಗಾಗಿ ಕುಕ್ಕಿದ್ದು.

ಎರಡು ದಿನ ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದೆವು. ತಾಯಿಯನ್ನು ಕರೆದುಕೊಂಡು ಹೋಗಿ ದಿವ್ಯ ಮೇಡಮ್ಮಿನ ಮುಂದೆ ನಿಲ್ಲಿಸುವುದು, ಒಳಗೆ ಹೋದ ಮೇಲೆ ಕಾಂತರಾಜು ತಪ್ಪಾಯಿತು ಎಂದು ಕಾಲು ಹಿಡಿಯುವುದು. ತಾಯಿಗೆ ಮಾತ್ರ ಸತ್ತ ಮಾತು ಹೇಳಲಿಲ್ಲ. ಹೇಗೆ ಹೇಳುವುದು? ನಿನ್ನ ಮಗ ಹುಟ್ಟಿದ ದಿನ ಹೇಳಿ ಹೆಬ್ಬೆಟ್ಟು ಒತ್ತಬೇಕು ಎಂದಷ್ಟೇ ಹೇಳಿದೆವು. ಅವರು ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟರು. ಆಟೋದಲ್ಲಿ ದಾರಿಯುದ್ದಕ್ಕೂ ಹೇಳಿಕೊಂಡು ಬಂದರು: ಹಿತುಕವರೆ ಹಿಸುಕುತ್ತಾ ಇದ್ದೆ, ಗುರುವಾರ, ಬೆಳಗಿನ ಜಾವ, ಸೂಲಗಿತ್ತಿ ಮೂರನೇ ಮನೆಯವಳು. ಪಾಠ ಒಪ್ಪಿಸುವ ಮಗುವಿನ ಹಾಗೆ.

ನಮ್ಮ ಲೆಕ್ಕ ತಪ್ಪಿದ್ದು ಗೇಟಿನಲ್ಲಿ. ಮೇಡಂ ಒಳಗಿದ್ದರೆ ಪ್ರೇಮ್‌ಕುಮಾರ್ ಹೊರಗೆ ಇರುತ್ತಾನಲ್ಲ, ಅದು ನಮಗೆ ಹೊಳೆಯಲೇ ಇಲ್ಲ. ಅವನು ಕಾಂತರಾಜುವನ್ನು ನೋಡಿ ಗೇಟು ತೆಗೆದ. ಸುಬ್ಬಲಕ್ಷ್ಮಮ್ಮನ ಮುಂದೆ ಬಗ್ಗಿ ಗೌರವದಿಂದ ಮಾತಾಡಿದ.

"ಅಜ್ಜಿ, ನೀವು ಇವರ ತಾಯಿ ಕಡೇರಾ? ಪಾಪ, ಮೊನ್ನೆ ತಾನೇ ತಿಥಿ ಆಯ್ತಂತೆ. ತಾಯಿ ಇಲ್ದಿರೋ ನೋವು ತಡೆಯಕ್ಕಾಗಲ್ಲ, ನಮ್ಮವ್ವ ಹೋದಾಗ ನಾನೂ ಹಿಂಗೇ ಆಗಿದ್ದೆ."

ಸುಬ್ಬಲಕ್ಷ್ಮಮ್ಮ ಪ್ರೇಮ್‌ಕುಮಾರನ ಮುಖ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು, ಬರೀ ತಲೆ, ಬರೀ ತುಟಿ. ಅವರಿಗೆ ಆ ಕ್ಷಣಕ್ಕೆ ಎಲ್ಲ ತಿಳಿಯಿತು. ಏನು ಮಾಡಬೇಕೆಂಬುದೂ ಕಣ್ಣು ಸರಿಯಿಲ್ಲದ ಆ ಹೆಂಗಸಿಗೆ ನಮ್ಮಿಬ್ಬರಿಗಿಂತ ಬೇಗ ತಿಳಿಯಿತು.

"ಊಂ ಕಣಪ್ಪ" ಎಂದರು. "ನಮ್ಮಕ್ಕ ಅವಳು. ಒಳ್ಳೇ ಸಾವು ಬಂತು. ನಾನು ಚಿಕ್ಕವ್ವ."

ಒಳಗೆ ಹೋಗುವಾಗ ಅವರ ಕೈ ಹಿಡಿದಿದ್ದವನು ನಾನು. ಪ್ರೇಮ್‌ಕುಮಾರ್ ತಾನೇ ದಾರಿ ತೋರಿಸಿಕೊಂಡು ಮೇಡಮ್ಮಿನ ರೂಮಿನ ತನಕ ಬಂದು ಬಾಗಿಲಲ್ಲಿ ನಿಂತ. ಅವನು ನಿಂತದ್ದರಿಂದ ಕಾಂತರಾಜುವಿಗೆ ಬಾಯಿ ಬಿಡಲಾಗಲಿಲ್ಲ.

ದಿವ್ಯ ಮೇಡಂ ಫಾರಂ ತೆಗೆದರು. "ಅಮ್ಮ, ನಿಮಗೆ ಇವರು ಏನಾಗ್ಬೇಕು?"

"ಅಕ್ಕನ ಮಗ ಕಣ್ತಾಯಿ. ನಾನೇ ಎತ್ತಾಡ್ಸಿದ್ದು. ಹುಟ್ಟಿದ್ದು ಅವರೆಕಾಯಿ ಕಾಲ, ಗುರುವಾರ. ನಾನು ಕಣ್ಣಾರೆ ನೋಡಿವ್ನಿ. ಆಣೆ ಇಡ್ತೀನಿ."

"ನಂಬ್ತೀನಿ ಅಮ್ಮ. ಆದ್ರೆ ಚಿಕ್ಕಮ್ಮ ಹೇಳಿದ್ರೆ ತಗೊಳಲ್ಲ. ಹೆತ್ತವರೇ ಬೇಕು."

"ಸಾಕಿದವ್ರು ಆಗಕಿಲ್ವಾ?"

"ಆಗಲ್ಲ ಅಮ್ಮ."

ಮೇಡಂ ಫಾರಮ್ಮನ್ನು ಮೆಲ್ಲಗೆ ಡ್ರಾಯರಿಗೆ ಹಾಕಲು ಹೋದರು. ಸುಬ್ಬಲಕ್ಷ್ಮಮ್ಮ ಮಗನಿಗೆ ಸುಳ್ಳುಗಾರನೆಂಬ ಹೆಸರು ಬಾರದಿರಲಿ ಎಂದು ತಾವು ಸತ್ತೇ ಉಳಿಯಲು ತಯಾರಾಗಿ ಕೂತಿದ್ದರು. ಡ್ರಾಯರು ಮುಚ್ಚುವ ಸದ್ದಿಗೆ ಕಾಂತರಾಜು ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತುಬಿಟ್ಟ.

"ಮೇಡಂ, ಇವ್ರೇ ನನ್ನ ಹೆತ್ತವ್ವ. ಸತ್ತಿಲ್ಲ. ನಾನೇ ಸಾಯ್ಸಿದೆ. ಬಿಳೀ ಕೂದ್ಲು ಅಂತ ಗೇಟಿಂದ ಓಡಿಸ್ತಿದ್ರು, ಅದಕ್ಕೆ ತೆಗೆಸ್ದೆ. ಯಾರು ಸತ್ರು ಅಂತ ಕೇಳಿದ್ರು. ಬಾಯಿಗೆ ಬಂತು. ತಪ್ಪಾಯ್ತು."

ಮೇಡಂ ಅವರ ಕಣ್ಣಲ್ಲಿ ನೀರಿತ್ತು, ನಾನು ನೋಡಿದ್ದೇನೆ. ಡ್ರಾಯರಿನ ಹಿಡಿ ಮೇಲಿದ್ದ ಕೈ ಅದನ್ನು ತಿರುಗಿ ಎಳೆಯುತ್ತಿತ್ತು, ಅದನ್ನೂ ನೋಡಿದ್ದೇನೆ. ಫಾರಂ ಅರ್ಧ ಹೊರಗೆ ಬಂದಿತ್ತು.

ಬಾಗಿಲಿನಿಂದ ಪ್ರೇಮ್‌ಕುಮಾರನ ದನಿ ಬಂತು. "ಥೂ. ನಮ್ಮವ್ವನ್ನ ನೆನೆಸ್ಕೊಂಡು ನಾನು ಇವ್ನಿಗೆ ಟೋಪಿ ತೆಗೆದೆನಲ್ಲ. ಕೆಲಸಕ್ಕೋಸ್ಕರ ಹೆತ್ತವ್ವನ್ನ ಸಾಯ್ಸೋನು ನಾಳೆ ಬಾಯ್ಲರ್ ಹತ್ರ ಏನೇನ್ ಸುಳ್ಳು ಬರೀತಾನೋ. ಈ ಮುದುಕಿನೂ ಸರಿಯಾಗಿ ಟ್ರೈನಿಂಗ್ ತಗಂಡವ್ಳೆ."

ಮುದುಕಿ ಎಂದದ್ದನ್ನು ನನಗೆ ತಡೆಯಲಾಗಲಿಲ್ಲ. ಏನು ಕೂಗಿದೆನೋ ನೆನಪಿಲ್ಲ. ನನ್ನ ಕೈ ಅವನ ಕಾಲರಿನ ಮೇಲಿತ್ತು, ಅವನ ತಲೆ ಬಾಗಿಲಿನ ಚೌಕಟ್ಟಿಗೆ ತಗುಲಿತು, ರಕ್ತ ಬಂತು. ಇಬ್ಬರು ಸೆಕ್ಯೂರಿಟಿಯವರು ಓಡಿ ಬಂದರು. ಕಾಂತರಾಜು ನೆಲದ ಮೇಲಿಂದ, "ಬುಡೋ ಪುಟ್ರಾಜು, ಬುಡೋ, ನಿನ್ನ ದಮ್ಮಯ್ಯ" ಎಂದು ಕೂಗುತ್ತಿದ್ದುದು ಆಮೇಲೆ ಕಿವಿಗೆ ಬಿತ್ತು. ಮೂವರನ್ನೂ ಗೇಟಿನ ಹೊರಗೆ ಬಿಟ್ಟರು. ಸುಬ್ಬಲಕ್ಷ್ಮಮ್ಮನ ಒಂದು ಚಪ್ಪಲಿ ಒಳಗೇ ಉಳಿಯಿತು. ಯಾರೂ ಹೋಗಿ ಕೇಳಲಿಲ್ಲ.

ಎರಡು ದಿನ ಬಿಟ್ಟು ಕಾಂತರಾಜುವಿನ ಮೊಬೈಲಿಗೆ ಮೆಸೇಜು ಬಂತು. ಸುಳ್ಳು ಮಾಹಿತಿ ಮತ್ತು ಅಶಿಸ್ತಿನ ಕಾರಣ ಅರ್ಜಿ ತಿರಸ್ಕರಿಸಲಾಗಿದೆ ಎಂದು. ಅಶಿಸ್ತು ನನ್ನದು. ಅದು ಇರದಿದ್ದರೆ ಮೇಡಂ ಆ ಫಾರಮ್ಮನ್ನು ಪೂರ್ತಿ ಎಳೆಯುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು. ನಾನು ಅವನನ್ನು ಕೇಳಿಲ್ಲ. ಅವನೂ ಆ ಮಾತು ಎತ್ತಿಲ್ಲ. ಎತ್ತಿ ನನ್ನ ಕೆನ್ನೆಗೆ ಹೊಡೆದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಜೂನ್ ಎರಡನೇ ತಾರೀಕು ಬೆಳಿಗ್ಗೆ ಅವನು ಖಾಕಿ ಹಾಕಿಕೊಂಡು ನನ್ನ ಅಂಗಡಿಗೆ ಬಂದು ಟೈರಿನ ಮೇಲೆ ಕೂತ. ರಟ್ಟಿನ ಕಾರ್ಖಾನೆಯ ಚಿಮಣಿಯಲ್ಲಿ ಹೊಗೆ ಕಪ್ಪಗೆ ಏಳುತ್ತಿತ್ತು.

"ಗಾಳಿ ಕಮ್ಮಿ ಬುಟ್ಟವ್ರೆ" ಎಂದ. "ಸೌದೆ ಸುಮ್ನೆ ಉರೀತದೆ."

ಆಮೇಲೆ ಅಲ್ಲಿಗೇ ಸೇರಿದ, ಸೌದೆ ಇಳಿಸುವುದಕ್ಕೆ. ಕಂಟ್ರಾಕ್ಟರನ ಕಡೆಯ ಕೂಲಿ. ಲಾರಿಯಿಂದ ಸೌದೆ ಇಳಿಸುವವನ ವಯಸ್ಸು ಯಾವ ಸಿಸ್ಟಮ್ಮಿಗೂ ಬೇಡ. ಹಿಂದಿನ ಗೇಟು ಬೇರೆ, ಅಲ್ಲಿಗೆ ಪ್ರೇಮ್‌ಕುಮಾರ್ ಬರುವುದಿಲ್ಲ. ಬಾಯ್ಲರ್ ಮನೆಯ ಗೋಡೆಗೆ ಒರಗಿಸಿ ಸೌದೆ ಜೋಡಿಸಬೇಕು. ಗೋಡೆಯ ಆಚೆ ಪಂಪು ತಪ್ಪು ಸದ್ದು ಮಾಡಿದರೆ ಇವನಿಗೆ ಈಚೆಗೆ ಕೇಳುತ್ತದೆ. ಒಂದು ಸಲ ಹೋಗಿ ಹೇಳಿದನಂತೆ. "ನಿಂಗ್ಯಾಕೆ ಬೇಕಯ್ಯಾ ಅದೆಲ್ಲ, ಸೌದೆ ನೋಡ್ಕೊ" ಎಂದು ಕಳಿಸಿದರು. ಅಲ್ಲಿಂದ ಹೇಳುವುದು ಬಿಟ್ಟ. ಕೇಳುವುದನ್ನು ಬಿಡಲು ಆಗಿಲ್ಲ.

ಕೂಲಿ ಇಲ್ಲದ ದಿನ ಈಗಲೂ, ಯಾವ ಕೆಲಸವಾದರೂ ಸರಿ ಎಂದು, ಬೇರೆ ಗೇಟುಗಳನ್ನು ಸುತ್ತುತ್ತಾನೆ. ಅದಕ್ಕಾಗಿ ದಿನಾ ಬೆಳಿಗ್ಗೆ ತಲೆ, ಮೀಸೆ ಎರಡನ್ನೂ ತಾನೇ ಕೆರೆದುಕೊಳ್ಳುತ್ತಾನೆ. ಒಂದು ದಿನ ಬಿಟ್ಟರೆ ಬಿಳಿ ಮೊಳಕೆ ಕಾಣುತ್ತದೆ. ಯಾರು ಸತ್ತರು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳದೆ ಮುಂದಕ್ಕೆ ಹೋಗುತ್ತಾನೆ. ಮುದ್ದೆ ಬಡಿಸುವಾಗ ತಾಯಿ ಅವನ ತಟ್ಟೆ ನೋಡುತ್ತಾರೆ, ಮುಖ ನೋಡುವುದಿಲ್ಲ ಎಂದು ಸುನೀತಾ ನನ್ನ ಹೆಂಡತಿಯ ಹತ್ತಿರ ಹೇಳಿದಳು.

ಮೊನ್ನೆ ಮಧ್ಯಾಹ್ನ ಸುಬ್ಬಲಕ್ಷ್ಮಮ್ಮ ನನ್ನ ಅಂಗಡಿಗೆ ಒಬ್ಬರೇ ನಡೆದುಕೊಂಡು ಬಂದರು. ಬಿಸಿಲಿಗೆ ಸೆರಗು ತಲೆ ಮೇಲೆ ಹೊದ್ದಿದ್ದರು. ಮಗ ಕೂರುವ ಟೈರಿನ ಮೇಲೆ ಕೂತು ನೀರು ಕೇಳಿ ಕುಡಿದರು. ನಾನು ಸೈಕಲ್ ಟ್ಯೂಬಿಗೆ ಗಾಳಿ ತುಂಬಿ ಬಾಣಲೆಯ ನೀರಿನಲ್ಲಿ ಅದ್ದುತ್ತಿದ್ದೆ.

"ಪುಟ್ರಾಜು, ನೀನು ಹೇಳುದ್ರೆ ಕೇಳ್ತಾನೆ ಅವ್ನು. ಮೀಸೆ ಬುಡು ಅಂತ ಹೇಳಪ್ಪ."

"ಹೇಳ್ತೀನಿ ಕಣವ್ವ."

"ಕೆಲಸ ಸಿಕ್ದಿದ್ರೂ ಪರವಾಗಿಲ್ಲ." ಲೋಟ ಕೆಳಗಿಟ್ಟರು. "ನಾಳೆ ನಾನು ನಿಜವಾಗ್ಲೂ ಹೋದಾಗ ಅವ್ನು ಏನ ತೆಗೆಸ್ತಾನಪ್ಪ?"

ನಾನು ಟ್ಯೂಬನ್ನು ಇನ್ನೂ ಒಳಕ್ಕೆ ಒತ್ತಿದೆ. ಎಲ್ಲೆಲ್ಲಿಂದಲೋ ಗುಳ್ಳೆ ಬರುತ್ತಿತ್ತು, ಯಾವ ಕಡೆ ಬೆರಳಿಡುವುದೋ ತಿಳಿಯಲಿಲ್ಲ.